ನೀರುಗುಳ್ಳೆ ಎಂದರೆ ಗರ್ಭಕೋಶ ತೆಗೆಸಲೇಬೇಕೆ?

ಆಂಧ್ರದ ಗಡಿಯ ಮಡಕಶಿರಾ, ಅಗಳಿ, ರೊಳ್ಳ, ಅಮರಾಪುರದ ಕಡೆಯ ಹೆಣ್ಣುಮಕ್ಕಳು ಕಿಬ್ಬೊಟ್ಟೆ ನೋವು ಹೆಚ್ಚಾದರೆ ಹಿಂದೂಪುರದ ಬಸ್ಸು ಹತ್ತುತ್ತಾರೆ. ಇನ್ನೂ ಉತ್ತರಕ್ಕಿರುವ ಹಳ್ಳಿಗಳವರಿಗೆ ಕಲ್ಯಾಣದುರ್ಗ ಹತ್ತಿರ. ಮನೆಯಲ್ಲಿ ಆಡುವುದು ಕನ್ನಡ, ಡಾಕ್ಟರ ಮುಂದೆ ತೆಲುಗು, ಕೈಗೆ ಬರುವ ಸ್ಕ್ಯಾನ್ ವರದಿ ಇಂಗ್ಲಿಷಿನಲ್ಲಿ. ಈ ಮೂರು ಭಾಷೆ ದಾಟುವಷ್ಟರಲ್ಲಿ ‘ಸಿಸ್ಟ್’ ಎಂಬ ಪದ ನೀರುಗುಳ್ಳೆಯಾಗಿ, ನೀರುಗುಳ್ಳೆ ಗಡ್ಡೆಯಾಗಿ, ಮನೆ ಮುಟ್ಟುವ ಹೊತ್ತಿಗೆ ಗಡ್ಡೆ ಕ್ಯಾನ್ಸರೇ ಆಗಿಬಿಡುವುದುಂಟು. ‘ಮಕ್ಕಳಾಗಿವೆಯಲ್ಲ, ಇನ್ನೇಕೆ ಗರ್ಭಕೋಶ? ತೆಗೆಸಿಬಿಡು’ ಎನ್ನಲು ಹತ್ತಿರದವರೇ ಯಾರಾದರೂ ಇರುತ್ತಾರೆ.

ಆ ವರದಿಯನ್ನೇ ಒಮ್ಮೆ ಬಿಡಿಸಿ ನೋಡೋಣ. ಬಲ ಅಂಡಾಶಯದಲ್ಲಿ 38 × 34 ಮಿಲಿಮೀಟರ್ ಅಳತೆಯ ಸಿಸ್ಟ್ ಇದೆ ಎಂದು ಬರೆದಿದೆ ಅಂದುಕೊಳ್ಳಿ. ಹೆಚ್ಚುಕಡಿಮೆ ಒಂದು ನಿಂಬೆಹಣ್ಣಿನಷ್ಟು. ಅದರ ಪಕ್ಕದಲ್ಲಿ ‘ಸಿಂಪಲ್’ ಎಂಬ ಪದವಿದ್ದರೆ ಗೋಡೆ ತೆಳ್ಳಗಿದೆ, ಒಳಗೆ ತಿಳಿನೀರು ಬಿಟ್ಟು ಬೇರೇನೂ ಇಲ್ಲ ಎಂದರ್ಥ. ಹಾಳೆಯ ಕೊನೆಗೆ ‘ಕ್ಲಿನಿಕಲ್ ಕೋರಿಲೇಷನ್’ ಎಂಬ ಮಾತು ಸಾಮಾನ್ಯವಾಗಿ ಇರುತ್ತದೆ. ಯಂತ್ರಕ್ಕೆ ಕಂಡದ್ದನ್ನು ಹೆಂಗಸಿನ ನೋವು, ವಯಸ್ಸು, ಮುಟ್ಟಿನ ಲೆಕ್ಕದ ಜೊತೆ ಹೊಂದಿಸಿ ನೋಡಿ ಎಂದು ಸ್ಕ್ಯಾನ್ ಮಾಡಿದವರು ಚಿಕಿತ್ಸೆ ಕೊಡುವ ಡಾಕ್ಟರಿಗೆ ಹೇಳುವ ಮಾತು ಅದು. ಆಪರೇಷನ್ ಆಗಬೇಕೆಂದು ಆ ಹಾಳೆ ಹೇಳುವುದಿಲ್ಲ.

ಮುಟ್ಟಾಗುವ ವಯಸ್ಸಿನ ಹೆಣ್ಣಿನ ಅಂಡಾಶಯ ತಿಂಗಳು ತಿಂಗಳೂ ಒಂದು ಸಣ್ಣ ನೀರುಗುಳ್ಳೆಯನ್ನು ಬೆಳೆಸುತ್ತದೆ. ಅದು ಎರಡು ಸೆಂಟಿಮೀಟರಿನಷ್ಟಾದಾಗ ಒಡೆದು ಅಂಡಾಣು ಹೊರಬರುತ್ತದೆ. ಕೆಲವು ತಿಂಗಳು ಗುಳ್ಳೆ ಒಡೆಯದೆ ಬೆಳೆಯುತ್ತಾ ಹೋಗುತ್ತದೆ, ಇಲ್ಲವೇ ಒಡೆದ ಜಾಗದಲ್ಲಿ ಮತ್ತೆ ನೀರು ತುಂಬುತ್ತದೆ. ಇಂಥವು ಎರಡು ಮೂರು ಮುಟ್ಟು ಕಳೆಯುವುದರೊಳಗೆ ತಾವಾಗಿ ಕರಗುವುದೇ ಹೆಚ್ಚು. ಐದು ಸೆಂಟಿಮೀಟರಿಗಿಂತ ಚಿಕ್ಕದಾದ ಸರಳ ನೀರುಗುಳ್ಳೆಗೆ ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಕಾಗದು ಎಂದು ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜಿನ ಮಾರ್ಗಸೂಚಿ ಹೇಳುತ್ತದೆ. ಕಾಯುವುದೂ ಒಂದು ಚಿಕಿತ್ಸೆ. ಅದಕ್ಕೆ ಬಿಲ್ ಇಲ್ಲ ಅಷ್ಟೇ.

ಎಲ್ಲ ಗುಳ್ಳೆಯೂ ಒಂದೇ ಜಾತಿಯದಲ್ಲ. ಒಳಗೆ ಕೂದಲು, ಕೊಬ್ಬು ತುಂಬಿದ ಡರ್ಮಾಯ್ಡ್ ಕರಗುವುದಿಲ್ಲ. ಹಳೆಯ ರಕ್ತ ಕಟ್ಟಿಕೊಂಡ ಚಾಕಲೇಟ್ ಸಿಸ್ಟ್ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಯ ಗುರುತು. ಜಗತ್ತಿನಲ್ಲಿ ಮಕ್ಕಳನ್ನು ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಹತ್ತು ಮಂದಿಗೆ ಈ ಕಾಯಿಲೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮುಟ್ಟಿನ ನೋವು ಸಹಿಸಿಕೊಳ್ಳಬೇಕಾದ್ದೇ ಎಂದು ನಂಬಿಸಿರುವುದರಿಂದ ಇದು ಪತ್ತೆಯಾಗಲು ವರ್ಷಗಟ್ಟಲೆ ತಡವಾಗುತ್ತದೆ. ಮುಟ್ಟು ನಿಂತ ಮೇಲೆ ಕಾಣಿಸಿಕೊಂಡ ಗುಳ್ಳೆ, ಒಳಗೆ ಗಟ್ಟಿ ಭಾಗವಿರುವ ಗುಳ್ಳೆ, ತಿಂಗಳುಗಳಾದರೂ ಕರಗದೆ ದೊಡ್ಡದಾಗುತ್ತಿರುವ ಗುಳ್ಳೆ, ಇವನ್ನು ಕೂಡಲೇ ತಜ್ಞರಿಗೆ ತೋರಿಸಬೇಕು. ಇದ್ದಕ್ಕಿದ್ದಂತೆ ಒಂದು ಬದಿ ಕಿತ್ತುಬರುವಂಥ ನೋವು, ಜೊತೆಗೆ ವಾಂತಿ ಶುರುವಾದರೆ ಅಂಡಾಶಯ ತಿರುಚಿಕೊಂಡಿರಬಹುದು. ಆಗ ಬೆಳಗಾಗಲಿ ಎಂದು ಕಾದರೆ ಅಂಡಾಶಯವನ್ನೇ ಕಳೆದುಕೊಳ್ಳಬೇಕಾದೀತು.

ಇನ್ನು ನೋವಿನ ಮಾತು. ಕಡಲೆಕಾಯಿ ಹೊಲದಲ್ಲಿ ದಿನವಿಡೀ ಬಗ್ಗಿ ದುಡಿಯುವ, ಬಹಿರ್ದೆಸೆಗೆ ಮರೆಯಿಲ್ಲವೆಂದು ನೀರನ್ನೇ ಕಡಿಮೆ ಕುಡಿಯುವ ಹೆಂಗಸಿನ ಕಿಬ್ಬೊಟ್ಟೆ ನೋವಿಗೆ ಮೂತ್ರದ ಸೋಂಕು ಕಾರಣವಿರಬಹುದು, ಸೊಂಟದ ಸ್ನಾಯು ಕಾರಣವಿರಬಹುದು, ಕರುಳೂ ಇರಬಹುದು. ಅದೇ ಹೊತ್ತಿಗೆ ಸ್ಕ್ಯಾನಿನಲ್ಲಿ ಒಂದು ಗುಳ್ಳೆ ಕಂಡಿತೆಂದರೆ ತಪ್ಪೆಲ್ಲ ಅದರ ತಲೆಗೇ. ಬಿಳಿ ಸೆರಗಿನ ಗತಿಯೂ ಇದೇ. ಹೆಚ್ಚಿನ ಪಾಲು ಮಾತ್ರೆಯಲ್ಲಿ ವಾಸಿಯಾಗುವ ಸೋಂಕಿಗೆ ಗರ್ಭಕೋಶವನ್ನೇ ತೆಗೆಸಿಕೊಂಡು ಬಂದವರಿದ್ದಾರೆ.

ಇದು ಎಲ್ಲೋ ಒಂದೆರಡು ಕಡೆ ನಡೆದದ್ದಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 3.2 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಆಂಧ್ರಪ್ರದೇಶದಲ್ಲಿ 8.9 ಮಂದಿ. ದೇಶದ ಲೆಕ್ಕದಲ್ಲಿ ಇಂಥ ಆಪರೇಷನ್ನುಗಳಲ್ಲಿ ಮೂರರಲ್ಲಿ ಎರಡು ಪಾಲು ನಡೆದದ್ದು ಖಾಸಗಿ ಆಸ್ಪತ್ರೆಗಳಲ್ಲಿ. ಬಡವರಿಗೆ ಉಚಿತ ಚಿಕಿತ್ಸೆ ಕೊಡುವ ಆರೋಗ್ಯಶ್ರೀ ಯೋಜನೆ 2007ರ ಏಪ್ರಿಲ್‌ನಲ್ಲಿ ಮೊದಲು ಬಂದ ಮೂರು ಜಿಲ್ಲೆಗಳಲ್ಲಿ ಅನಂತಪುರವೂ ಒಂದು. ಹಿಂದೂಪುರ ಆಗ ಆ ಜಿಲ್ಲೆಯಲ್ಲೇ ಇತ್ತು, ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದು 2022ರಲ್ಲಿ. ಆ ಯೋಜನೆಯಿಂದ ಉಳಿದ ಜೀವಗಳು ಬಹಳ, ಅದನ್ನು ಮರೆಯಬಾರದು. ಆದರೆ ಇಂಥ ಯೋಜನೆಗಳಲ್ಲಿ ಆಪರೇಷನ್ನಿಗೆ ದುಡ್ಡು ನಿಗದಿಯಾಗಿರುತ್ತದೆ. ‘ಎರಡು ತಿಂಗಳು ನೋಡೋಣಮ್ಮ’ ಎಂದು ಹೇಳಿ ಕಳಿಸುವ ಡಾಕ್ಟರಿಗೆ ಅದರಲ್ಲಿ ಏನೂ ಸಿಗುವುದಿಲ್ಲ.

ಕರ್ನಾಟಕದ ಕಥೆ ಇದಕ್ಕಿಂತ ಉತ್ತಮವೇನಲ್ಲ. ಕಲಬುರಗಿಯ ನಾಲ್ಕು ಖಾಸಗಿ ಆಸ್ಪತ್ರೆಗಳಲ್ಲಿ 30 ತಿಂಗಳಲ್ಲಿ 2,258 ಹೆಂಗಸರ ಗರ್ಭಕೋಶ ತೆಗೆದದ್ದು 2015ರ ತನಿಖೆಯಲ್ಲಿ ಹೊರಬಿತ್ತು. ಅವರಲ್ಲಿ ಬಹಳ ಮಂದಿ ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಹೆಂಗಸರು. ಹೊಟ್ಟೆನೋವೆಂದು ಹೋದವರಿಗೆ ಕ್ಯಾನ್ಸರಿನ ಹೆದರಿಕೆ ಹುಟ್ಟಿಸಲಾಗಿತ್ತು. 2017ರಲ್ಲಿ ಆ ಹೆಂಗಸರೇ ಬೀದಿಗಿಳಿದು ನ್ಯಾಯ ಕೇಳಿದರು. ಬಿಹಾರ, ಛತ್ತೀಸಗಢ, ರಾಜಸ್ಥಾನದ ಇಂಥವೇ ದೂರುಗಳನ್ನು ಹಿಡಿದು ಡಾ. ನರೇಂದ್ರ ಗುಪ್ತ ಹಾಕಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ತೀರ್ಪು ಕೊಟ್ಟಿತು. ಅನಗತ್ಯ ಗರ್ಭಕೋಶ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದಿತು. ಅದರಂತೆ ಪ್ರತಿ ಜಿಲ್ಲೆಯಲ್ಲೂ ಒಂದು ಉಸ್ತುವಾರಿ ಸಮಿತಿ ಇರಬೇಕು.

ಪ್ರಶ್ನೆ ಕೇಳಿದರೆ ಡಾಕ್ಟರು ಸಿಟ್ಟಾಗುತ್ತಾರೇನೋ ಎಂಬ ಅಳುಕು ನಮ್ಮ ಹೆಂಗಸರಲ್ಲಿ ಆಳವಾಗಿದೆ. ಕಾನೂನು ಮಾತ್ರ ಅವರ ಕಡೆಗಿದೆ. 1995ರಲ್ಲಿ ದೆಹಲಿಯ 44 ವರ್ಷದ ಮಹಿಳೆಯೊಬ್ಬರು ರಕ್ತಸ್ರಾವದ ಕಾರಣ ತಿಳಿಯಲೆಂದು ಲ್ಯಾಪ್ರೊಸ್ಕೋಪಿ ಪರೀಕ್ಷೆಗೆ ಒಪ್ಪಿಕೊಂಡಿದ್ದರು. ಮತ್ತಿನಲ್ಲಿದ್ದಾಗಲೇ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಯಲಾಯಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಕೊಟ್ಟ ಒಪ್ಪಿಗೆಯಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜೀವಕ್ಕೆ ಅಪಾಯವಿಲ್ಲದಾಗ ಆಕೆ ಎಚ್ಚರಗೊಳ್ಳುವವರೆಗೆ ಕಾದು ಆಕೆಯನ್ನೇ ಕೇಳಬೇಕಿತ್ತು.

ಹಾಗಾಗಿ ಕೇಳಬೇಕು, ಸಂಕೋಚವಿಲ್ಲದೆ. ‘ಡಾಕ್ಟ್ರೇ, ಇದು ತಾನಾಗಿ ಹೋಗುವಂಥದ್ದೋ? ಎರಡು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡಿಸಿದರೆ ಆಗದೇ? ಗುಳ್ಳೆ ಮಾತ್ರ ತೆಗೆದು ಅಂಡಾಶಯ ಉಳಿಸಬಹುದೇ?’ ಒಳ್ಳೆಯ ಡಾಕ್ಟರು ಇದಕ್ಕೆ ಬೇಸರಿಸುವುದಿಲ್ಲ. ಕೇಳಿದ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವಿದೆ. ಅದನ್ನು ಹಿಡಿದು ಇನ್ನೊಬ್ಬರಿಗೆ ತೋರಿಸಬಹುದು. ಹಿಂದೂಪುರದಲ್ಲಿ ಸರ್ಕಾರಿ ಜಿಲ್ಲಾ ಆಸ್ಪತ್ರೆ ಇದೆ, ಕಲ್ಯಾಣದುರ್ಗ ಮತ್ತು ಬತ್ತಲಪಲ್ಲಿಯಲ್ಲಿ ರೂರಲ್ ಡೆವಲಪ್‌ಮೆಂಟ್ ಟ್ರಸ್ಟಿನ ಆಸ್ಪತ್ರೆಗಳಿವೆ.

ಆಪರೇಷನ್ ಆಗಿಹೋದವರಿಗೂ ಒಂದು ಮಾತಿದೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದಿದ್ದಾರೆಯೇ ಎಂದು ಕೇಳಿದರೆ ಎಷ್ಟೋ ಹೆಂಗಸರಿಗೆ ಗೊತ್ತೇ ಇರುವುದಿಲ್ಲ. ಮೂವತ್ತೈದಕ್ಕೆ ಎರಡು ಅಂಡಾಶಯವೂ ಹೋದರೆ ಮುಟ್ಟು ನಿಂತವರ ತೊಂದರೆಗಳೆಲ್ಲ ಒಟ್ಟಿಗೆ ಬರುತ್ತವೆ: ಮೈ ಝಳ, ನಿದ್ದೆಗೇಡು, ಮುಂದೆ ಮೂಳೆ ಸವೆತ, ಹೃದಯದ ಕಾಯಿಲೆಯ ಅಪಾಯ. ಅಂಥವರಲ್ಲಿ ಬಹಳ ಮಂದಿಗೆ ಹಾರ್ಮೋನ್ ಮಾತ್ರೆ ಬೇಕಾಗುತ್ತದೆ. ಟ್ರಂಕಿನಲ್ಲಿ ಸೀರೆಯ ಕೆಳಗೆ ಮಡಿಸಿಟ್ಟ ಡಿಸ್ಚಾರ್ಜ್ ಚೀಟಿಯನ್ನು ತೆಗೆದು, ಓದಬಲ್ಲ ಮಗಳ ಕೈಲೋ ಆಶಾ ಕಾರ್ಯಕರ್ತೆಯ ಕೈಲೋ ಓದಿಸಿದರೆ ಏನೇನು ತೆಗೆದಿದ್ದಾರೆಂಬುದು ಅದರಲ್ಲಿ ಬರೆದಿರುತ್ತದೆ.