ಆದುದನ್ನು ಆಗದಂತೆ ಮಾಡುವ ವರ

ಕೈಜಾರಿದ ಗಳಿಗೆಯನ್ನು ಮರಳಿ ಪಡೆಯಬೇಕೆಂಬ ಹಂಬಲ ಎಲ್ಲ ಜನಾಂಗಗಳಿಗೂ ಉಂಟು. ಜಪಾನಿನ ಚಿತ್ರಕಥೆಗಳಾದ ‘ಮಾಂಗಾ’ಗಳಲ್ಲಿ ಈ ಹಂಬಲಕ್ಕೆ ಒಂದು ವಿಚಿತ್ರ ರೂಪ ದೊರೆತಿದೆ. ನಡೆದ ಘಟನೆಯನ್ನೇ ಅಳಿಸಿಹಾಕುವ ಶಕ್ತಿ ಅಲ್ಲಿಯ ಕೆಲವು ಪಾತ್ರಗಳಿಗೆ ಉಂಟು. ಆದರೆ ಅಂಥ ಶಕ್ತಿಗೆ ಎಲ್ಲೆಯೇ ಇಲ್ಲದಿದ್ದರೆ ಕಥೆಯ ಗತಿಯೇನು? ಸತ್ತವನು ಮುಂದಿನ ವಾರ ಎದ್ದು ಬರುವನೆಂದು ತಿಳಿದ ಮೇಲೆ ವಾಚಕನಿಗೆ ಆತಂಕವೆಲ್ಲಿ, ಕಣ್ಣೀರೆಲ್ಲಿ? ಧಾರಾವಾಹಿಗಂತೂ ಇದು ಪ್ರಾಣಸಂಕಟವೇ ಸರಿ. ಆದುದರಿಂದಲೇ ಮಾಂಗಾಕಾರರು ವರವನ್ನು ಕೊಡುವಾಗ ಅದರ ಮೇರೆಯನ್ನೂ ಗುರುತಿಸಿಡುತ್ತಾರೆ.

ಮೊದಲನೆಯದು ಎಣಿಕೆಯ ಮೇರೆ. ತೊರಿಯಾಮಾ ಅಕಿರ ಅವರು 1984ರಿಂದ 1995ರವರೆಗೆ ರಚಿಸಿದ ‘ಡ್ರಾಗನ್ ಬಾಲ್’ನಲ್ಲಿ ಏಳು ಗೋಲಗಳನ್ನು ಕೂಡಿಸಿದವನಿಗೆ ಮಹಾಸರ್ಪವೊಂದು ಪ್ರತ್ಯಕ್ಷವಾಗಿ ಬೇಡಿದುದನ್ನು ನೀಡುತ್ತದೆ, ಸತ್ತವರನ್ನೂ ಬದುಕಿಸುತ್ತದೆ. ಆದರೆ ಭೂಲೋಕದ ಆ ಸರ್ಪವು ಒಬ್ಬನನ್ನೇ ಎರಡನೆಯ ಬಾರಿ ಬದುಕಿಸಲಾರದು. ಒಮ್ಮೆ ಸತ್ತು ಬದುಕಿದ ಗೆಳೆಯ ಕ್ರಿಲಿನ್ ಮತ್ತೆ ಹತನಾದಾಗ ನಾಯಕ ಗೋಕುವಿನ ಕ್ರೋಧ ಭುಗಿಲೇಳುವುದು ಇದನ್ನು ಬಲ್ಲುದರಿಂದಲೇ.

ಎರಡನೆಯದು ಬೆಲೆ. ಕಿಶಿಮೊತೊ ಮಸಾಶಿ ಅವರ ‘ನರುಟೊ’ವಿನಲ್ಲಿ (1999–2014) ‘ಇಜಾನಾಗಿ’ ಎಂಬ ವಿದ್ಯೆಯಿದೆ. ಇದನ್ನು ಬಲ್ಲವನು ತನ್ನ ಮರಣವನ್ನು ಕೂಡ ಬರಿಯ ಕನಸಾಗಿಸಬಲ್ಲ. ಆದರೆ ಅದಕ್ಕಾಗಿ ಒಂದು ಕಣ್ಣಿನ ಬೆಳಕನ್ನು ತೆರಬೇಕು. ದಾನ್ಜೋ ಎಂಬವನು ಪರರ ಕಣ್ಣುಗಳನ್ನು ತನ್ನ ತೋಳಿನಲ್ಲಿ ನೆಟ್ಟುಕೊಂಡು ಹೋರಾಡುತ್ತಾನೆ. ಒಂದೊಂದಾಗಿ ಅವೆಲ್ಲ ಮುಚ್ಚಿಹೋಗುತ್ತವೆ.

ಮೂರನೆಯ ಮೇರೆ ಇನ್ನೂ ಸೂಕ್ಷ್ಮವಾದುದು. ‘ಮೆದಾಕಾ ಬಾಕ್ಸ್’ನ (2009–2013) ಕುಮಾಗಾವಾ ಯಾವುದನ್ನಾದರೂ ಇಲ್ಲವೆನಿಸಬಲ್ಲ. ಆದರೆ ತಾನು ಇಲ್ಲವೆನಿಸಿದುದನ್ನು ಮತ್ತೆ ಉಂಟೆನಿಸಲಾರ. ಅಳಿಸುವವನಿಗೆ ತನ್ನ ಅಳಿಸುವಿಕೆಯನ್ನೇ ಅಳಿಸುವ ಅಧಿಕಾರವಿಲ್ಲ!

ಇವೆಲ್ಲಕ್ಕಿಂತ ಮನಮುಟ್ಟುವುದು ಅರಾಕಿ ಹಿರೊಹಿಕೊ ಅವರ ‘ಜೋಜೋ’ ಕಥಾಮಾಲೆಯ 4ನೆಯ ಭಾಗ (1992–1995). ಅಲ್ಲಿಯ ತರುಣ ವಿದ್ಯಾರ್ಥಿ ಜೋಸುಕೆ ಒಡೆದ ವಸ್ತುವನ್ನೂ ಹರಿದ ಮೈಯನ್ನೂ ಮೊದಲಿನಂತೆ ಮಾಡಬಲ್ಲ. ತನ್ನ ಗಾಯವನ್ನು ಮಾತ್ರ ಮಾಯಿಸಿಕೊಳ್ಳಲಾರ. ಪೊಲೀಸನಾಗಿದ್ದ ಅವನ ಅಜ್ಜನನ್ನು ಪಾತಕಿಯೊಬ್ಬನು ಕೊಲ್ಲುತ್ತಾನೆ. ಮೊಮ್ಮಗನ ಶಕ್ತಿ ಗಾಯವನ್ನು ಮುಚ್ಚುತ್ತದೆ. ದೇಹದಲ್ಲಿ ಕಲೆಯೂ ಉಳಿಯುವುದಿಲ್ಲ. ಆದರೂ ಅಜ್ಜ ಏಳುವುದಿಲ್ಲ. ಒಡಲನ್ನು ಸರಿಪಡಿಸಬಹುದು, ಹೋದ ಉಸಿರನ್ನು ಕರೆಯಲಾಗದು. ಮುಂದೆ ಜೋಸುಕೆ ಅಜ್ಜನಂತೆ ಊರಿನ ಕಾವಲಿಗೆ ನಿಲ್ಲುವ ಸಂಕಲ್ಪ ಮಾಡುತ್ತಾನೆ. ವರವು ಸೋತ ಎಡೆಯಲ್ಲಿಯೇ ಅವನ ಪೌರುಷ ಆರಂಭವಾಗುತ್ತದೆ.

ಈ ಅರಿವು ಜಪಾನೀಯರಿಗೆ ಹೊಸದಲ್ಲ. ‘ನರುಟೊ’ವಿನ ಆ ವಿದ್ಯೆಯ ಹೆಸರು ಪುರಾಣದ ದೇವನೊಬ್ಬನದು. 712ರಲ್ಲಿ ಸಂಕಲಿತವಾದ ‘ಕೊಜಿಕಿ’ಯ ಪ್ರಕಾರ ದೇವ ಇಜಾನಾಗಿ ಮಡಿದ ಮಡದಿಯನ್ನು ಕರೆತರಲು ಪಾತಾಳಕ್ಕೆ ಇಳಿದನು. ನೋಡಬೇಡವೆಂದು ಆಕೆ ಬೇಡಿದರೂ ನೋಡಿದನು. ಕೊಳೆತ ದೇಹವನ್ನು ಕಂಡು ಬೆದರಿ ಓಡಿದನು. ಕೊನೆಗೆ ದಾರಿಗೆ ಹೆಬ್ಬಂಡೆಯನ್ನು ಅಡ್ಡವಿಟ್ಟನು. ದೇವನೇ ಇಟ್ಟ ಆ ಬಂಡೆಯನ್ನು ಇಂದಿನ ಕಥೆಗಾರರೂ ಪೂರ್ತಿಯಾಗಿ ಸರಿಸಿಲ್ಲ. ಸರಿಸಿದ್ದರೆ ಅವರ ನಾಯಕರಿಗೆ ಕಳೆದುಕೊಳ್ಳುವ ಭಯವಿರುತ್ತಿರಲಿಲ್ಲ. ಇರುವುದನ್ನು ಕಾಪಾಡುವ ಹುರುಪೂ ಇರುತ್ತಿರಲಿಲ್ಲ.