ಕಿರುಬೆರಳು ಜುಮ್ಮೆಂದರೆ ಮೊಣಕೈ ನೋಡಿಕೊಳ್ಳಿ



ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಉಳಿತಾಯದ ಹಣ ಎಣಿಸುತ್ತಿದ್ದ ಅಕ್ಕನ ಕೈಯಿಂದ ಎರಡು ಮೂರು ಸಲ ನಾಣ್ಯ ಜಾರಿ ಬಿತ್ತು. ಎಲ್ಲರೂ ನಕ್ಕರು, ಅವರೂ ನಕ್ಕರು. ಸಭೆ ಮುಗಿದ ಮೇಲೆ ಮೆಲ್ಲಗೆ ಕೇಳಿದಾಗ ವಿಷಯ ಹೊರಗೆ ಬಂತು. ಅವರು ಟೈಲರಿಂಗ್ ಮಾಡುವವರು, ಸಂಘದ ಸಾಲದಲ್ಲೇ ಮಿಷನ್ ತೆಗೆದುಕೊಂಡವರು. ಐದಾರು ತಿಂಗಳಿಂದ ಬಲಗೈಯ ಕಿರುಬೆರಳು, ಉಂಗುರ ಬೆರಳು ಜುಮುಜುಮು. ಮೊಣಕೈ ಒಳಬದಿಯಿಂದ ಕೆಳಗೆ ಚುಳುಕು ಹೊಡೆಯುವ ನೋವು. ರಾತ್ರಿ ಎಚ್ಚರವಾಗಿ ಕೈ ಕೊಡವುತ್ತಾ ಕೂರುವುದು. ಮನೆಯಲ್ಲಿ ಹೇಳಿರಲಿಲ್ಲ. "ಹೇಳಿದ್ರೆ ಹೊಲಿಗೆ ಬಿಡು ಅಂತಾರೆ. ಆಮೇಲೆ ಕಂತು ಯಾರು ಕಟ್ಟೋದು?" ಅಂದರು.

ಮೊಣಕೈ ಬಾಗಿಲಿಗೆ ತಾಗಿದಾಗ ಕರೆಂಟ್ ಹೊಡೆದ ಹಾಗೆ ಆಗುವುದು ನಮಗೆಲ್ಲ ಗೊತ್ತು. ಅದು ಮೂಳೆಯ ನೋವಲ್ಲ, ನರಕ್ಕೆ ಪೆಟ್ಟು. ನಮ್ಮ ಮಾತಿನಲ್ಲಿ ರಕ್ತನಾಳಕ್ಕೂ ನರ ಅನ್ನುವುದುಂಟು. ಇಲ್ಲಿ ಹೇಳುವುದು ಸ್ಪರ್ಶವನ್ನು ತಿಳಿಸುವ, ಬೆರಳನ್ನು ಆಡಿಸುವ ನರದ ಬಗ್ಗೆ. ಇದಕ್ಕೆ ಅಲ್ನಾರ್ ನರ ಎಂದು ಹೆಸರು. ಕುತ್ತಿಗೆಯಿಂದ ಹೊರಟು, ಮೊಣಕೈಯ ಒಳಬದಿಯ ಗಂಟಿನ ಹಿಂದೆ ಒಂದು ಸಣ್ಣ ಓಣಿಯಲ್ಲಿ ನುಸುಳಿ, ಕಿರುಬೆರಳಿಗೂ ಉಂಗುರ ಬೆರಳಿನ ಅರ್ಧಕ್ಕೂ ಹೋಗುತ್ತದೆ. ಆ ಜಾಗದಲ್ಲಿ ಅದರ ಮೇಲೆ ಮಾಂಸದ ಹೊದಿಕೆ ಇಲ್ಲ, ಚರ್ಮ ಮಾತ್ರ. ಕೈ ಮಡಚಿದಾಗ ನರ ಎಳೆಯಲ್ಪಡುತ್ತದೆ, ಓಣಿಯೂ ಕಿರಿದಾಗುತ್ತದೆ. ಒಂದು ಗಳಿಗೆ ಮಡಚಿದರೆ ಏನೂ ಇಲ್ಲ. ಗಂಟೆಗಟ್ಟಲೆ, ತಿಂಗಳುಗಟ್ಟಲೆ ಆದರೆ ನರ ಸೊರಗುತ್ತದೆ.

ನಮ್ಮ ಕೆಲಸಗಳನ್ನೇ ನೋಡಿ. ಬೀಡಿ ಕಟ್ಟುವಾಗ ಕೈ ಮಡಚಿಯೇ ಇರುತ್ತದೆ. ಹೊಲಿಯುವಾಗ ಮೊಣಕೈ ಮೇಜಿನ ಅಂಚಿಗೆ ಒತ್ತಿರುತ್ತದೆ. ಮಗಳ ಹತ್ತಿರ ಮೊಬೈಲ್‌ನಲ್ಲಿ ಅರ್ಧ ಗಂಟೆ ಮಾತಾಡುವಾಗಲೂ ಕೈ ಮಡಚಿಯೇ ಕಿವಿಗೆ ಹಿಡಿದಿರುತ್ತೇವೆ. ರಾತ್ರಿಯಾದರೂ ಕೈಗೆ ಬಿಡುವು ಇದೆಯಾ? ತಲೆಯಡಿ ಕೈ ಮಡಚಿಟ್ಟು ಮಲಗುವವರೇ ಹೆಚ್ಚು.

ಹಾಗಾಗಿ ಮದ್ದು ಶುರುವಾಗುವುದು ಹಾಸಿಗೆಯಲ್ಲಿ. ಸ್ನಾನದ ದಪ್ಪ ಟವೆಲನ್ನು ಮೊಣಕೈ ಸುತ್ತ ಸುತ್ತಿ, ಮೇಲಿಂದ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ ಮಲಗಿ. ಕೈ ಪೂರ್ತಿ ನೇರ ಇರಬೇಕೆಂದಿಲ್ಲ, ಪೂರ್ತಿ ಮಡಚಲು ಬಾರದಿದ್ದರೆ ಸಾಕು. ಬಿಗಿಯಾಗಿ ಕಟ್ಟಲೇಬೇಡಿ, ಅದೇ ನರವನ್ನು ಒತ್ತುತ್ತದೆ. ಒಂದೆರಡು ರಾತ್ರಿ ಕಿರಿಕಿರಿ ಆಗ್ತದೆ, ಆಮೇಲೆ ಅಭ್ಯಾಸವಾಗ್ತದೆ. ಹಗಲು ಮೇಜಿನ ಅಂಚಿಗೆ ಹಳೆ ಬಟ್ಟೆಯ ಮೆತ್ತೆ ಹಾಕಿ. ಅರ್ಧ ಗಂಟೆಗೊಮ್ಮೆ ಎದ್ದು ಕೈ ಇಳಿಬಿಡಿ. ಫೋನನ್ನು ಸ್ಪೀಕರ್‌ಗೆ ಹಾಕಿ ಮಾತಾಡಿ, ಗುಟ್ಟಿನ ಮಾತಿದ್ದರೆ ಚಿಕ್ಕದಾಗಿ ಮುಗಿಸಿ! ಶುರುವಿನ ಹಂತದಲ್ಲಿದ್ದರೆ ಎಷ್ಟೋ ಜನರಿಗೆ ಇಷ್ಟರಲ್ಲೇ ಒಂದೆರಡು ತಿಂಗಳಲ್ಲಿ ಕಡಿಮೆಯಾಗುತ್ತದೆ.

ಬಿಸಿ ಎಣ್ಣೆ ಹಾಕಿ ಆ ಗಂಟಿನ ಹಿಂದೆ ಗಟ್ಟಿಯಾಗಿ ನೀವಿಸಿಕೊಳ್ಳುವುದು, ಬರೆ ಹಾಕಿಸುವುದು ಬೇಡ. ಸ್ಪರ್ಶ ಕಮ್ಮಿಯಾದ ಬೆರಳಿಗೆ ಬಿಸಿನೀರಿನ ಶಾಖ ಕೊಡಲು ಹೋಗಿ ಸುಟ್ಟುಕೊಂಡವರಿದ್ದಾರೆ. ಒಲೆಯ ಹತ್ತಿರವೂ ಜಾಗ್ರತೆ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ದಿನಾ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಹಾಳಾಗುವುದೇ ಹೊರತು ಓಣಿ ಅಗಲವಾಗುವುದಿಲ್ಲ.

ಈಗ ಮುಖ್ಯ ವಿಷಯ. ನೋವು ತಾನಾಗಿ ಕಡಿಮೆಯಾಯಿತು, ಆದರೆ ಬೆರಳು ಮರಗಟ್ಟಿದೆ ಅಂದರೆ ಗುಣವಾಗುತ್ತಿದೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ನರ ಸೋಲುತ್ತಿದೆ ಎಂದೂ ಅದರ ಅರ್ಥವಾಗಬಹುದು. ಎರಡೂ ಕೈಗಳನ್ನು ಪಕ್ಕದಲ್ಲಿಟ್ಟು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸ ನೋಡಿ. ಒಂದು ಕೈಯಲ್ಲಿ ಗುಳಿ ಬಿದ್ದಿದೆಯಾ? ಕಿರುಬೆರಳು, ಉಂಗುರ ಬೆರಳನ್ನು ನೇರ ಮಾಡಿ ನಡುವೆ ಒಂದು ಕಾಗದ ಹಿಡಿಯಿರಿ, ಪಕ್ಕದವರು ಎಳೆಯಲಿ. ಒಂದು ಕೈಯಿಂದ ಸುಲಭವಾಗಿ ಜಾರಿದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಪೆಟ್ಟಾದ ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್, ತಿಂಗಳಿಗೆ ಒಂದು ಇಂಚು. ಮೊಣಕೈಯಿಂದ ಅಂಗೈಗೆ ತಲುಪಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅಷ್ಟರಲ್ಲಿ ಮಾಂಸ ಪೂರ್ತಿ ಸೊರಗಿದರೆ ಆಪರೇಷನ್ ಮಾಡಿದರೂ ಹಿಂದಿನ ಬಲ ಬರುವುದು ಕಷ್ಟ.

ಇನ್ನೊಂದು ಮಾತನ್ನು ಹೇಳಲು ಹಿಂಜರಿಯುತ್ತೇವೆ, ಆದರೂ ಹೇಳಲೇಬೇಕು. ಮೊಣಕೈಯ ಇದೇ ನರವನ್ನು ಕುಷ್ಠರೋಗವೂ ಹಿಡಿಯುತ್ತದೆ. ಆಗ ನರ ದಪ್ಪವಾಗಿ ಹಗ್ಗದ ಹಾಗೆ ಕೈಗೆ ಸಿಗಬಹುದು. ಮೈಮೇಲೆ ಎಲ್ಲಾದರೂ ಮುಟ್ಟಿದರೆ ಗೊತ್ತಾಗದ ಬಿಳಿಚಿದ ಅಥವಾ ಕೆಂಪು ಮಚ್ಚೆ ಇರಬಹುದು. 2005ರಲ್ಲಿ ನಮ್ಮ ದೇಶದಲ್ಲಿ ಈ ರೋಗ ಹತ್ತು ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆಯಾಯಿತೆಂದು ಸರಕಾರ ಸಾರಿತು. ಹೊಸ ರೋಗಿಗಳು ಈಗಲೂ ಸಿಗುತ್ತಿದ್ದಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಉಚಿತ, 6 ಅಥವಾ 12 ತಿಂಗಳು ತೆಗೆದುಕೊಂಡರೆ ಗುಣ. ಬೆರಳು ಮರಗಟ್ಟಿ ಆರು ತಿಂಗಳೊಳಗೆ ಬಂದರೆ ನರವನ್ನೂ ಉಳಿಸಿಕೊಳ್ಳುವ ಅವಕಾಶ ಹೆಚ್ಚು. ನಾಚಿಕೆಯಿಂದ ಮುಚ್ಚಿಟ್ಟರೆ ಬೆರಳು ಸೊಟ್ಟಗಾಗುತ್ತದೆ.

ಎಲ್ಲ ಜುಮುಜುಮುವೂ ಮೊಣಕೈಯದ್ದಲ್ಲ. ಹೆಬ್ಬೆರಳಿನಿಂದ ಮಧ್ಯದ ಬೆರಳಿನ ತನಕ ಇದ್ದರೆ ಹೆಚ್ಚಾಗಿ ಮಣಿಕಟ್ಟಿನ ತೊಂದರೆ. ಕುತ್ತಿಗೆಯಿಂದಲೂ ಬರಬಹುದು. ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರಿಗೆ ಅದನ್ನೂ ಹೇಳಿ. ದೊಡ್ಡ ಆಸ್ಪತ್ರೆಯಲ್ಲಿ ನರದ ಪರೀಕ್ಷೆ ಬೇಕಾದರೆ ಬಿಪಿಎಲ್ ಕಾರ್ಡ್ ತೋರಿಸಿ, ಮೊದಲು ಆರೋಗ್ಯ ಕೇಂದ್ರದಲ್ಲೇ ರೆಫರಲ್ ಚೀಟಿ ಕೇಳಿ ಪಡೆಯಿರಿ.

ಆ ಅಕ್ಕನಿಗೆ ಆಪರೇಷನ್ ಬೇಕಾಗಲಿಲ್ಲ. ಟವೆಲ್ ಕಟ್ಟಿ ಮಲಗಿದರು, ಮೇಜಿನ ಅಂಚಿಗೆ ಮೆತ್ತೆ ಬಂತು. ಎರಡು ತಿಂಗಳಲ್ಲಿ ರಾತ್ರಿಯ ನೋವು ಇಳಿಯಿತು. ಕಿರುಬೆರಳಿನ ತುದಿ ಇನ್ನೂ ಸ್ವಲ್ಪ ಮಂದವೇ. ವಿಷಯ ತಿಳಿದ ಸಂಘದವರು ಮೂರು ತಿಂಗಳು ಅವರ ಕಂತನ್ನು ಅರ್ಧ ಮಾಡಿ ನಿರ್ಣಯ ಪುಸ್ತಕದಲ್ಲಿ ಬರೆದರು. ನಾಣ್ಯ ಎಣಿಸುವ ಕೆಲಸ ಸದ್ಯಕ್ಕೆ ಕಾರ್ಯದರ್ಶಿಯದ್ದು.