ಒಪ್ಪತ್ತೋ, ಮೂರು ಹೊತ್ತೋ, ಆರು ಹೊತ್ತೋ? ಬೊಜ್ಜು ಕರಗುವ ಲೆಕ್ಕ

ಶ್ರಾವಣ ಬಂತೆಂದರೆ ನಮ್ಮ ಕಡೆ ಉಪವಾಸಗಳ ಸಾಲು ಶುರುವಾಗುತ್ತದೆ. ಸೋಮವಾರ ಸೊಗಲದ ಸೋಮೇಶ್ವರನದು. ಮಂಗಳವಾರ, ಶುಕ್ರವಾರ ಸವದತ್ತಿ ಎಲ್ಲಮ್ಮನವು. ನಡುವೆ ಏಕಾದಶಿ, ಸಂಕಷ್ಟಿ. ರಂಜಾನ್ ಬಂದರೆ ತಿಂಗಳಿಡೀ ರೋಜಾ. ಈಗ ಇವುಗಳ ಜೊತೆ ಮೊಬೈಲಿನಿಂದ ಇನ್ನೊಂದು ಬಂದಿದೆ. ಅದರ ಹೆಸರು ಇಂಟರ್‌ಮಿಟೆಂಟ್ ಫಾಸ್ಟಿಂಗ್, ಅಂದರೆ ದಿನದ ಕೆಲವು ತಾಸು ಮಾತ್ರ ಉಂಡು ಉಳಿದ ಹೊತ್ತು ಏನೂ ತಿನ್ನದಿರುವುದು. ದೇವರಿಗಾಗಿ ಮಾಡುವ ಉಪವಾಸ ನಿಮ್ಮ ಭಕ್ತಿಗೆ ಸೇರಿದ್ದು, ಅದರ ಬಗ್ಗೆ ಇಲ್ಲಿ ಮಾತಿಲ್ಲ. ಆದರೆ ಬೈಲಹೊಂಗಲದಲ್ಲಾಗಲಿ, ರಾಮದುರ್ಗದಲ್ಲಾಗಲಿ, ‘ಹೆಂಗೂ ಉಪವಾಸ ಮಾಡ್ತೀನಿ, ಹೊಟ್ಟಿನೂ ಕರಗಲಿ’ ಎನ್ನುವವರು ಬಹಳ ಜನ. ಈ ಲೇಖನ ಅವರಿಗಾಗಿ.

ಗಡಿ ಜಿಲ್ಲೆಯವರಾದ ನಮಗೆ ಮರಾಠಿ ಸಲಹೆಗಳೂ ಬಂದು ಮುಟ್ಟುತ್ತವೆ. ಮಹಾರಾಷ್ಟ್ರದ ಡಾ. ಜಗನ್ನಾಥ ದೀಕ್ಷಿತ್, ದಿವಂಗತ ಶ್ರೀಕಾಂತ ಜಿಚಕಾರ ಅವರ ವಿಚಾರವನ್ನು ಮುಂದುವರಿಸಿ, ದಿನಕ್ಕೆ ಎರಡೇ ಸಲ ಉಣ್ಣಿ, ಪ್ರತಿ ಊಟವನ್ನು 55 ನಿಮಿಷದೊಳಗೆ ಮುಗಿಸಿ ಎನ್ನುತ್ತಾರೆ. ಆಹಾರ ಸಲಹೆಗಾರ್ತಿ ರುಜುತಾ ದಿವೇಕರ್ ತಮ್ಮ 2009ರ ಪುಸ್ತಕದಲ್ಲಿ ಎರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ ಎಂದರು. ಒಂದಕ್ಕೊಂದು ಪೂರ್ತಿ ವಿರುದ್ಧ. ಎರಡರಿಂದಲೂ ತೂಕ ಇಳಿಸಿಕೊಂಡವರಿದ್ದಾರೆ. ಅದು ಹೇಗೆ ಸಾಧ್ಯ? ಇದು ತಿಳಿಯಬೇಕಾದರೆ ಮೊದಲು ದೇಹದ ಖರ್ಚಿನ ಲೆಕ್ಕ ನೋಡಬೇಕು.

ತಿಂದ ಅನ್ನವನ್ನು ಶಕ್ತಿಯಾಗಿ ಮಾಡಿ ಖರ್ಚು ಮಾಡುವ ದೇಹದ ಕೆಲಸಕ್ಕೆ ಮೆಟಬಾಲಿಸಂ ಎನ್ನುತ್ತಾರೆ, ಪುಸ್ತಕದ ಕನ್ನಡದಲ್ಲಿ ಚಯಾಪಚಯ. ಈ ಖರ್ಚನ್ನು ಅಳೆಯುವುದು ಕ್ಯಾಲೊರಿಯಲ್ಲಿ. ನೀವು ಸುಮ್ಮನೆ ಮಲಗಿದ್ದರೂ ಹೃದಯ, ಮಿದುಳು, ಯಕೃತ್ತು, ಮೂತ್ರಪಿಂಡ ಕೆಲಸ ಮಾಡುತ್ತಲೇ ಇರುತ್ತವೆ. ಹೆಚ್ಚಿನವರಲ್ಲಿ ದಿನದ ಖರ್ಚಿನ ಶೇ. 60ರಿಂದ 70 ಭಾಗ ಹೋಗುವುದು ಇದಕ್ಕೇ. ನಲವತ್ತು ವರ್ಷದ, 65 ಕೆ.ಜಿ. ತೂಕದ, ಐದಡಿ ಎತ್ತರದ ಹೆಣ್ಣುಮಗಳಿಗೆ ಇದು ಸುಮಾರು 1,250 ಕ್ಯಾಲೊರಿ. ಮನೆಗೆಲಸವೆಲ್ಲ ಸೇರಿದರೆ ದಿನದ ಒಟ್ಟು ಖರ್ಚು 1,800ರ ಆಸುಪಾಸು. ಇದರಲ್ಲಿ ಸುಮಾರು ಹತ್ತನೇ ಒಂದು ಭಾಗ, ಉಂಡದ್ದನ್ನು ಅರಗಿಸುವ ಕೆಲಸಕ್ಕೇ ಹೋಗುತ್ತದೆ.

‘ಪದೇ ಪದೇ ತಿಂದರೆ ಮೆಟಬಾಲಿಸಂ ಏರುತ್ತದೆ’ ಎಂಬ ಮಾತು ಹುಟ್ಟಿದ್ದು ಈ ಕೊನೆಯ ಖರ್ಚಿನಿಂದ. ಪ್ರತಿ ಸಲ ಉಂಡಾಗಲೂ ದೇಹ ಸ್ವಲ್ಪ ಶಕ್ತಿ ಖರ್ಚು ಮಾಡುವುದು ನಿಜ. ಆದರೆ ಅದು ಎಷ್ಟು ಸಲ ಉಂಡಿರಿ ಎಂಬುದರ ಮೇಲಲ್ಲ, ಎಷ್ಟು ಉಂಡಿರಿ ಎಂಬುದರ ಮೇಲೆ ನಿಂತಿದೆ. 1,800 ಕ್ಯಾಲೊರಿಯನ್ನು ಎರಡು ಸಲ 900ರಂತೆ ಉಂಡರೆ ಪ್ರತಿ ಊಟಕ್ಕೆ 90 ಖರ್ಚು, ಒಟ್ಟು 180. ಅದನ್ನೇ ಆರು ಸಲ 300ರಂತೆ ಉಂಡರೆ ಸಲಕ್ಕೆ 30, ಒಟ್ಟು ಮತ್ತೆ 180. ವ್ಯತ್ಯಾಸವೇನೂ ಇಲ್ಲ. ಫ್ರಾನ್ಸಿನ ಸಂಶೋಧಕಿ ಬೆಲಿಲ್ ಮತ್ತು ಅವರ ಜೊತೆಗಾರರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು 1997ರಲ್ಲೇ ಇದನ್ನು ಹೇಳಿದರು. 2010ರಲ್ಲಿ ಕೆನಡಾದಲ್ಲಿ ಬೊಜ್ಜಿದ್ದವರಿಗೆ ಎಂಟು ವಾರ ಕ್ಯಾಲೊರಿ ಒಂದೇ ಸಮ ಕಡಿಮೆ ಮಾಡಿ, ಒಂದು ಗುಂಪಿಗೆ ಮೂರು ಊಟ, ಇನ್ನೊಂದಕ್ಕೆ ಮೂರು ಊಟದ ಜೊತೆ ಮೂರು ತಿಂಡಿ ಕೊಟ್ಟರು. ಎರಡೂ ಗುಂಪಿನ ತೂಕ ಒಂದೇ ಪ್ರಮಾಣದಲ್ಲಿ ಇಳಿಯಿತು.

ಹಾಗಾದರೆ ಉಪವಾಸ ಮಾಡಿದರೆ ಮೆಟಬಾಲಿಸಂ ನಿಧಾನವಾಗಿ ಮೈ ಇನ್ನೂ ಊದಿಕೊಳ್ಳುತ್ತದೆಯೇ? ಈ ಹೆದರಿಕೆಯೂ ಸಾಮಾನ್ಯ. ಒಂದು ಹೊತ್ತು, ಒಂದು ದಿನ ಊಟ ಬಿಟ್ಟರೆ ಹಾಗಾಗುವುದಿಲ್ಲ. 2000ರಲ್ಲಿ ವಿಯೆನ್ನಾದ ವೈದ್ಯರು 11 ಆರೋಗ್ಯವಂತರನ್ನು ನಾಲ್ಕು ದಿನ ಉಪವಾಸವಿಟ್ಟು ಅಳೆದರು. ವಿಶ್ರಾಂತಿಯಲ್ಲಿನ ಖರ್ಚು ಇಳಿಯುವ ಬದಲು ಮೊದಲ ದಿನಗಳಲ್ಲಿ ಸ್ವಲ್ಪ ಏರಿತ್ತು. ಆದರೆ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದರೆ ಕಥೆ ಬೇರೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ ವಿಜ್ಞಾನಿ ಆನ್ಸೆಲ್ ಕೀಸ್ 36 ತರುಣರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಅವರ ತೂಕ ಕಾಲು ಭಾಗದಷ್ಟು ಇಳಿಯಿತು, ವಿಶ್ರಾಂತಿಯ ಖರ್ಚು ಸುಮಾರು ಶೇ. 40ರಷ್ಟು ಕುಸಿಯಿತು. ಮೈಯಲ್ಲಿ ಚಳಿ, ಸುಸ್ತು, ದಿನವಿಡೀ ಊಟದ್ದೇ ಧ್ಯಾನ. ಆದ್ದರಿಂದ ಹೆದರಬೇಕಾದದ್ದು ವಾರಕ್ಕೊಂದು ಉಪವಾಸಕ್ಕಲ್ಲ. ಬೇಗ ತೆಳ್ಳಗಾಗಬೇಕೆಂದು ತಿಂಗಳಾನುಗಟ್ಟಲೆ ಒಂದೇ ರೊಟ್ಟಿಯಲ್ಲಿ ದಿನ ದೂಡುವುದಿದೆಯಲ್ಲ, ಅದಕ್ಕೆ.

ಊಟ ಬಿಟ್ಟಾಗ ಒಳಗೆ ನಡೆಯುವುದನ್ನು ಹೀಗೆ ಯೋಚಿಸಿ. ಅಡುಗೆಮನೆಯ ಡಬ್ಬಿಯಲ್ಲಿ ನಾಲ್ಕು ದಿನದ ಜೋಳದ ಹಿಟ್ಟಿರುತ್ತದೆ, ನೆಲದೊಳಗಿನ ಹಗೇವಿನಲ್ಲಿ ವರ್ಷದ ಕಾಳಿರುತ್ತದೆ. ಮೊದಲು ಖಾಲಿಯಾಗುವುದು ಡಬ್ಬಿ. ಯಕೃತ್ತಿನಲ್ಲಿರುವ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ, ಸುಮಾರು 100 ಗ್ರಾಂ. ಅದೇ ಆ ಡಬ್ಬಿ. ಊಟವಾಗಿ ಹನ್ನೆರಡು ತಾಸು ಕಳೆಯುವ ಹೊತ್ತಿಗೆ ಅದು ಬಹಳಷ್ಟು ಇಳಿದಿರುತ್ತದೆ. ಇನ್ಸುಲಿನ್ ಎಂಬ ಹಾರ್ಮೋನೂ ತಗ್ಗಿರುತ್ತದೆ. ಆಗ ದೇಹ ಹಗೇವು ತೆಗೆಯುತ್ತದೆ, ಕೊಬ್ಬನ್ನು ಹೆಚ್ಚು ಹೆಚ್ಚು ಉರಿಸತೊಡಗುತ್ತದೆ. ಇಲ್ಲಿಯವರೆಗೆ ಮೊಬೈಲಿನಲ್ಲಿ ಬರುವ ಉಪವಾಸದ ವಿಡಿಯೊಗಳು ಹೇಳುವುದು ಸರಿ. ಅವು ಹೇಳದೆ ಬಿಡುವ ಮಾತೆಂದರೆ, ಸಂಜೆ ಹೊಟ್ಟೆ ತುಂಬ ಉಂಡಾಗ ಹಗೇವು ಮತ್ತೆ ತುಂಬುತ್ತದೆ. ವಾರದ ಕೊನೆಗೆ ತೆಗೆದದ್ದು ಹೆಚ್ಚೋ ತುಂಬಿದ್ದು ಹೆಚ್ಚೋ ಎಂಬುದೇ ಬೊಜ್ಜಿನ ನಿಜವಾದ ಲೆಕ್ಕ.

ಇನ್ನೊಂದು ಅನುಮಾನವನ್ನೂ ಇಲ್ಲೇ ಬಗೆಹರಿಸೋಣ. ಉಪವಾಸದ ಮರುದಿನ ತೂಕದ ಯಂತ್ರ ಒಂದು ಕೆ.ಜಿ. ಕಡಿಮೆ ತೋರಿಸುತ್ತದೆ, ಎರಡು ದಿನದಲ್ಲಿ ಅದು ಹಿಂದಿರುಗುತ್ತದೆ. ಹೋದದ್ದು ಬಹುಪಾಲು ನೀರು. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಕೊಬ್ಬು ಅಷ್ಟು ಬೇಗ ಹೋಗುವಂಥದ್ದಲ್ಲ. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ಉಂಡರೂ ವಾರಕ್ಕೆ ಅರ್ಧ ಕೆ.ಜಿ. ಒಳಗೇ.

ಹದಿನಾರು ತಾಸು ಬಿಟ್ಟು ಎಂಟು ತಾಸಿನೊಳಗೆ ಉಣ್ಣುವ ಪದ್ಧತಿಯನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಬೊಜ್ಜಿದ್ದ 139 ಜನರಿಗೆ ಒಂದು ವರ್ಷ ಒಂದೇ ಪ್ರಮಾಣದಲ್ಲಿ ಕ್ಯಾಲೊರಿ ಕಡಿಮೆ ಮಾಡಿದರು. ಒಂದು ಗುಂಪು ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ಉಣ್ಣಬೇಕಿತ್ತು. ಆ ಗುಂಪು ಸರಾಸರಿ 8 ಕೆ.ಜಿ. ಇಳಿಯಿತು, ಬೇಕಾದಾಗ ಉಂಡ ಗುಂಪು 6.3 ಕೆ.ಜಿ. ಇದನ್ನು ದೊಡ್ಡ ವ್ಯತ್ಯಾಸವೆಂದು ಹೇಳಲಾಗದು ಎಂಬುದೇ 2022ರಲ್ಲಿ ಪ್ರಕಟವಾದ ಅದರ ತೀರ್ಮಾನ. 2020ರಲ್ಲಿ ಅಮೆರಿಕದಲ್ಲಿ ನಡೆದ ಇನ್ನೊಂದು ಪರೀಕ್ಷೆಯಲ್ಲಿ ಸಮಯ ಮಾತ್ರ ಕಟ್ಟಿ, ಊಟದ ಪ್ರಮಾಣವನ್ನು ಅವರವರ ಇಷ್ಟಕ್ಕೆ ಬಿಟ್ಟರು. 12 ವಾರದ ಕೊನೆಗೆ ಒಂದು ಕೆ.ಜಿ.ಯೂ ಇಳಿಯಲಿಲ್ಲ. ಕೆಲವರಲ್ಲಿ ಕೊಬ್ಬಿನ ಬದಲು ಸ್ನಾಯುವೇ ಸವೆದಿರುವ ಸೂಚನೆ ಕಂಡಿತು. ನನ್ನ ಅಭಿಪ್ರಾಯ ಹೇಳುವುದಾದರೆ, ಉಪವಾಸ ಒಂದು ಅನುಕೂಲ ಅಷ್ಟೇ. ಕಣ್ಣಿಗೆ ಕಂಡದ್ದನ್ನು ಬಾಯಿಗೆ ಹಾಕುವ ಅಭ್ಯಾಸಕ್ಕೆ ಅದು ಬೇಲಿ ಹಾಕುತ್ತದೆ. ಅದರಿಂದ ಒಟ್ಟು ಊಟ ಕಡಿಮೆಯಾದರೆ ತೂಕ ಇಳಿಯುತ್ತದೆ.

ನಮ್ಮ ಉಪವಾಸದಲ್ಲಿ ಊಟ ನಿಜವಾಗಿ ಕಡಿಮೆಯಾಗುತ್ತದೆಯೇ? ಇದನ್ನು ಲೆಕ್ಕ ಹಾಕಿಯೇ ನೋಡಬೇಕು. ಒಂದು ತಟ್ಟೆ ಸಾಬೂದಾಣಿ ಖಿಚಡಿ ತೆಗೆದುಕೊಳ್ಳಿ. 75 ಗ್ರಾಂ ಒಣ ಸಾಬೂದಾಣಿ ಎಂದರೆ ಸುಮಾರು 260 ಕ್ಯಾಲೊರಿ. ಒಂದು ಹಿಡಿ ಶೇಂಗಾ ಪುಡಿ, 25 ಗ್ರಾಂ, ಸುಮಾರು 140. ಒಂದು ದೊಡ್ಡ ಚಮಚ ಎಣ್ಣೆ 120. ಸ್ವಲ್ಪ ಬಟಾಟಿ 50. ಒಟ್ಟು 570. ಇದಕ್ಕೆ ಎದುರಾಗಿ ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ಹೆಸರುಕಾಳಿನ ಪಲ್ಯ, ಸ್ವಲ್ಪ ಮೊಸರು ಇಟ್ಟರೆ 500ರ ಸುತ್ತ ಬರುತ್ತದೆ. ಅಂದರೆ ‘ಏನೂ ಉಂಡಿಲ್ಲ’ ಎನ್ನುವ ದಿನದ ಫಳಾರ ದಿನನಿತ್ಯದ ಒಂದು ಊಟಕ್ಕಿಂತ ಭಾರ. ಅದರಲ್ಲೂ ಸಾಬೂದಾಣಿ ಬರೀ ಪಿಷ್ಟ. ಪ್ರೋಟೀನು, ಅಂದರೆ ಸ್ನಾಯು ಕಟ್ಟುವ ಸತ್ವ, ಅದರಲ್ಲಿ ಇಲ್ಲವೆಂದೇ ಹೇಳಬೇಕು. ತಿಂದ ಎರಡು ತಾಸಿಗೆ ಮತ್ತೆ ಹಸಿವು. ಆಗ ಬಾಳೆಹಣ್ಣು, ಬಟಾಟಿ ಚಿಪ್ಸು, ಪಂಚಮಿಗೆ ಕಟ್ಟಿಟ್ಟ ಉಂಡಿಯ ಡಬ್ಬಿ. ಮೇಲೆ ಚಹಾ. ಕಪ್ಪಿಗೆ ಎರಡು ಚಮಚ ಸಕ್ಕರೆಯಂತೆ ಐದು ಕಪ್ ಕುಡಿದರೆ ಸಕ್ಕರೆಯೊಂದೇ 50 ಗ್ರಾಂ, 200 ಕ್ಯಾಲೊರಿ. ದಿನದ ಸಕ್ಕರೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಉಪವಾಸದ ದಿನವೇ ತೂಕದ ಕಡೆಗೂ ಗಮನ ಇರಬೇಕೆಂದರೆ ಮಜ್ಜಿಗೆ, ಮೊಸರು, ಬೆಲ್ಲ ಕಡಿಮೆ ಹಾಕಿದ ರಾಜಗಿರಿ, ಒಂದು ಹಿಡಿ ಬೇಯಿಸಿದ ಶೇಂಗಾ, ಪೇರಲ, ಸೌತೆಕಾಯಿ ಒಳ್ಳೆಯ ಆಯ್ಕೆ. ನಿಮ್ಮ ಮನೆಯ ನೇಮಕ್ಕೆ ಯಾವುದು ಹೊಂದುತ್ತದೋ ಅದನ್ನು ಆರಿಸಿಕೊಳ್ಳಿ. ಉಪವಾಸ ಬಿಡುವಾಗ ಹೋಳಿಗೆ, ಭಜಿಯಿಂದ ಶುರು ಮಾಡಬೇಡಿ.

ದಿನಕ್ಕೆ ಎಷ್ಟು ಸಲ ಉಣ್ಣಬೇಕು? ನಿಮ್ಮ ಕೆಲಸ ಏನು ಎಂದು ಕೇಳಿಯೇ ಉತ್ತರ ಹೇಳಬೇಕು. ಕಿತ್ತೂರು, ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬು ಕಡಿಯುವವರು ನಸುಕಿನಲ್ಲೇ ಹೊಲಕ್ಕೆ ಇಳಿಯುತ್ತಾರೆ. ಅವರಿಗೆ ಬೆಳಗಿನ ನ್ಯಾರಿ ಬಿಡಿ ಎನ್ನುವುದು ಅನ್ಯಾಯದ ಸಲಹೆ. ಮಗ್ಗದ ಮುಂದೆ ಕೂರುವ ರಾಮದುರ್ಗದ ನೇಕಾರರು, ಅಂಗಡಿಯ ಗಲ್ಲಾದ ಮೇಲೆ ಕೂರುವವರು, ಶಿಕ್ಷಕರು, ಕಚೇರಿಯವರು ಮೂರು ಊಟವನ್ನು ಎರಡಕ್ಕೆ ಇಳಿಸಿದರೂ ನಡೆಯುತ್ತದೆ, ಮೂರನ್ನೇ ಹಿಡಿದು ಪ್ರತಿಯೊಂದನ್ನು ಸ್ವಲ್ಪ ಇಳಿಸಿದರೂ ನಡೆಯುತ್ತದೆ. ಹಸಿವು ತಡೆದರೆ ಸಿಟ್ಟು, ತಲೆನೋವು ಬರುವವರಿಗೆ ಎರಡನೆಯದೇ ಮೇಲು. ಆರು ತಿಂಗಳು ನಿಭಾಯಿಸಲು ಆಗುವ ಕ್ರಮವನ್ನೇ ಹಿಡಿಯಿರಿ.

ಶುರು ಮಾಡುವುದು ಸುಲಭ. ರಾತ್ರಿ ಹತ್ತೂವರೆಯ ಊಟವನ್ನು ಎಂಟಕ್ಕೆ ತನ್ನಿ. ಬೆಳಿಗ್ಗೆ ಎಂಟರವರೆಗೆ ನೀರು ಮಾತ್ರ. ಹನ್ನೆರಡು ತಾಸು ತಾನಾಗಿ ಸಿಕ್ಕಿತು. ಒಂದೆರಡು ವಾರದ ನಂತರ ಊಟಗಳ ನಡುವಿನ ಸಿಹಿ ಚಹಾ, ಚುನಮರಿ, ಮಿರ್ಚಿ ಭಜಿ ನಿಲ್ಲಿಸಿ. ಹೆಚ್ಚಿನವರಿಗೆ ಇಷ್ಟರಲ್ಲೇ ದಿನಕ್ಕೆ 300-400 ಕ್ಯಾಲೊರಿ ಉಳಿಯುತ್ತದೆ. ಪ್ರೋಟೀನನ್ನು ಮಾತ್ರ ಕಡಿಮೆ ಮಾಡಬೇಡಿ. ಅದು ಸಾಲದಿದ್ದರೆ ಸ್ನಾಯು ಸವೆಯುತ್ತದೆ, ಸ್ನಾಯು ಸವೆದರೆ ವಿಶ್ರಾಂತಿಯ ಖರ್ಚೂ ಇಳಿಯುತ್ತದೆ. ನಮ್ಮ ದೇಶದ ಮಾನದಂಡದಂತೆ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಬೇಕು. 65 ಕೆ.ಜಿ.ಯವರಿಗೆ ಸುಮಾರು 54 ಗ್ರಾಂ. ನಾಲ್ಕು ರೊಟ್ಟಿಯಲ್ಲಿ 20 ಗ್ರಾಂ ಬರುತ್ತದೆ, 50 ಗ್ರಾಂ ಹೆಸರುಕಾಳು ಅಥವಾ ಮಡಿಕೆಕಾಳಿನಲ್ಲಿ 12, ಒಂದು ಮೊಟ್ಟೆಯಲ್ಲಿ 6. ಉಳಿದದ್ದನ್ನು ಮೊಸರು, ಹಾಲು, ಬೇಳೆ, ಪುಟಾಣಿ ತುಂಬುತ್ತವೆ.

ಖರ್ಚಿನ ಮಾತು. ಊಟ ಬಿಡಲು ದುಡ್ಡು ಬೇಕಿಲ್ಲ. ಬೊಜ್ಜು ಕರಗಿಸುವ ಪುಡಿ, ಚಹಾ ಎಂದು ಸಾವಿರಾರು ರೂಪಾಯಿಗೆ ಮಾರುವ ಡಬ್ಬಗಳಿಗೆ ದುಡ್ಡು ಹಾಕಬೇಡಿ. ಬೇಕಾದದ್ದು ಒಂದು ಅಳತೆ ಟೇಪು. ಹೊಕ್ಕುಳ ಮಟ್ಟದಲ್ಲಿ ಸೊಂಟ ಅಳೆಯಿರಿ. ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದ್ದರೆ ಎಚ್ಚರ ವಹಿಸಬೇಕು. ತಿಂಗಳಿಗೊಮ್ಮೆ ಅಳೆದರೆ ಸಾಕು.

ಇನ್ನು ಬಹಳ ಮುಖ್ಯವಾದ ವಿಷಯ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು, ತೀರಾ ತೆಳ್ಳಗಿರುವವರು, ಕಿಡ್ನಿ ತೊಂದರೆಯವರು ತೂಕಕ್ಕಾಗಿ ಉಪವಾಸ ಮಾಡಬಾರದು. ಶುಗರ್ ಇರುವವರು ವೈದ್ಯರನ್ನು ಕೇಳದೆ ಮಾಡಬಾರದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಹಾಗಾಗಿ ಈ ಮಾತು ಮನೆಮನೆಯದು. ಇನ್ಸುಲಿನ್ ಹಾಗೂ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಗುಳಿಗೆಗಳು ಊಟವಿಲ್ಲದಿದ್ದರೂ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಡಪಾಗ್ಲಿಫ್ಲೋಜಿನ್ ಜಾತಿಯ ಗುಳಿಗೆ ನುಂಗಿ ಉದ್ದನೆಯ ಉಪವಾಸ ಮಾಡಿದರೆ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆ. ಮೈ ಬೆವರಿ, ಕೈ ನಡುಗಿ, ಕಣ್ಣು ಮಂಜಾಗಿ, ಮಾತು ತಡವರಿಸಿದರೆ ಅಥವಾ ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಆ ಕ್ಷಣ ಉಪವಾಸ ಬಿಡಿ. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ವ್ರತ ಮುರಿಯಿತೆಂದು ನೊಂದುಕೊಳ್ಳಬೇಕಿಲ್ಲ. ರೋಗಿಗೆ ರೋಜಾದಿಂದಲೂ ವಿನಾಯಿತಿ ಇದೆ.

ಮೂವತ್ತು ದಾಟಿದ ಎಲ್ಲರಿಗೂ ಬಿ.ಪಿ., ಶುಗರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಬೈಲಹೊಂಗಲ, ಸವದತ್ತಿ, ರಾಮದುರ್ಗದವರು ತಾಲ್ಲೂಕು ಆಸ್ಪತ್ರೆಗೆ, ಕಿತ್ತೂರಿನವರು ಅಲ್ಲಿಯ ಸರ್ಕಾರಿ ಆಸ್ಪತ್ರೆಗೆ ಹೋಗಿ ಎನ್‌ಸಿಡಿ ವಿಭಾಗ ಎಲ್ಲಿದೆ ಎಂದು ಕೇಳಿ. ಅಂಟುರೋಗವಲ್ಲದ ಬಿ.ಪಿ., ಶುಗರಿನಂಥ ಕಾಯಿಲೆ ನೋಡುವ ವಿಭಾಗ ಅದು. ಹಳ್ಳಿಯಲ್ಲಿದ್ದರೆ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಮನೆಯಲ್ಲೇ ನೋಡಿಕೊಳ್ಳಲು ಗ್ಲುಕೋಮೀಟರ್ ಬೇಕೆಂದರೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ರಕ್ತದ ಹನಿ ಹಾಕುವ ಪಟ್ಟಿಗಳ (ಸ್ಟ್ರಿಪ್) ಬೆಲೆ ಕೇಳಿಕೊಂಡೇ ಯಂತ್ರ ಕೊಳ್ಳಿ, ಮುಂದೆ ಖರ್ಚು ಬರುವುದು ಅವಕ್ಕೇ. ವೈದ್ಯರ ಬಳಿ ಶ್ರಾವಣ ಅಥವಾ ರಂಜಾನ್ ಶುರುವಾಗುವ ಮೂರು-ನಾಲ್ಕು ವಾರ ಮೊದಲೇ ಹೋಗಿ. ಗುಳಿಗೆಯ ಹೆಸರು ನೆನಪಿರದಿದ್ದರೆ ಚೀಟಿಯ ಜೊತೆ ಗುಳಿಗೆಯ ಹಾಳೆಯನ್ನೇ ಒಯ್ಯಿರಿ. ಎಷ್ಟು ಹೊತ್ತಿಗೆ ಉಣ್ಣುತ್ತೀರಿ, ಯಾವ ವಾರ ಉಪವಾಸ, ಅಂದು ಏನು ತಿನ್ನುತ್ತೀರಿ ಎಂಬುದನ್ನೂ ಹೇಳಿ. ಯಾವ ಗುಳಿಗೆ ಆ ದಿನ ಬೇಡ, ಯಾವುದನ್ನು ಯಾವಾಗ ನುಂಗಬೇಕು ಎಂದು ಅವರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ.